ಅಕ್ಕನ ಹೆಸರಿನಲ್ಲಿ ಒಂಬತ್ತು ದಿನ

ಜ್ವರ ಬಂದ ಮೂರನೆಯ ದಿನ ನನ್ನ ಮೂಗಿಗೆ ಕಡ್ಡಿ ಹಾಕಿ ತೆಗೆದ ಮಾದರಿಯ ಮೇಲೆ ಅಕ್ಕನ ಹೆಸರು ಬರೆದರು. ಬರೆಸಿದವಳು ನಾನೇ. ಅದು ಸರಿಯೋ ತಪ್ಪೋ ಎಂದು ಇವತ್ತು ಯಾರಾದರೂ ಕೇಳಿದರೆ ತಪ್ಪು ಎಂದು ಕೂಡಲೇ ಹೇಳುತ್ತೇನೆ. ಹಾಗಾದರೆ ಏನು ಮಾಡಬೇಕಿತ್ತು ಎಂದು ಮರುಪ್ರಶ್ನೆ ಹಾಕಿದರೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ಆ ತಿಂಗಳುಗಳಲ್ಲಿ ನಮಗೆ ಯಾವುದೂ ತಿಳಿಯುತ್ತಿರಲಿಲ್ಲ. ಯಾರನ್ನು ಕೇಳಬೇಕೆಂದು ಕೂಡ ತಿಳಿಯುತ್ತಿರಲಿಲ್ಲ. ಪರದೇಶದ ಪಾಸ್‌ಪೋರ್ಟ್ ಇಟ್ಟುಕೊಂಡು ಎಲ್ಲೋ ಸಿಕ್ಕಿಬಿದ್ದು, ಅಲ್ಲೇ ಕಾಯಿಲೆಯನ್ನೂ ಅನುಭವಿಸಿದವರು ನನ್ನ ಹಾಗೆ ಇನ್ನೂ ಎಷ್ಟೋ ಜನ ಇದ್ದಾರು. ಅವರಲ್ಲಿ ಒಬ್ಬರಾದರೂ ಇದನ್ನು ಓದಿ, ಗಾಬರಿಯಲ್ಲಿ ಹೀಗಾದದ್ದು ತಮ್ಮೊಬ್ಬರಿಗೇ ಅಲ್ಲ ಎಂದುಕೊಂಡರೆ ಸಾಕು.

ನಾನು ಹುಟ್ಟಿ ಬೆಳೆದದ್ದು ಸೊರಟೂರಿನಲ್ಲಿ. ನನ್ನ ಗಂಡ ಶಿವಾನಂದ ಗದಗಿನ ಒಂದು ಛಾಪಖಾನೆಯಲ್ಲಿ ಮಷಿನ್ ನಡೆಸುತ್ತಿದ್ದವರು. ಮದುವೆಯಾದ ಎರಡನೆಯ ವರ್ಷ ಟಾಂಜಾನಿಯಾದ ಅರುಶಾ ಎಂಬ ಊರಿನಲ್ಲಿ ಮುದ್ರಣದ ಕೆಲಸ ಸಿಕ್ಕಿತು. ಹೋದೆವು. ಅವರು ಹಿಡಿದ ಕೆಲಸ ಕೈಹತ್ತಿ ಸ್ವಂತ ಪ್ರೆಸ್ಸೇ ಆಯಿತು. ಮಗಳು ದೀಪಾ ಅಲ್ಲೇ ಹುಟ್ಟಿದಳು. ಪ್ರೆಸ್ಸಿನ ಪರವಾನಗಿಗೆ ಅನುಕೂಲವಾಗುತ್ತದೆಂದು ಒಂದು ವರ್ಷ ಇಬ್ಬರೂ ಆ ದೇಶದ ಪೌರತ್ವ ತೆಗೆದುಕೊಂಡೆವು. ಸಹಿ ಮಾಡುವಾಗ ನನಗೆ ಅದು ಪ್ರೆಸ್ಸಿನ ಕಾಗದಪತ್ರಗಳಲ್ಲಿ ಇನ್ನೊಂದು ಎಂದೇ ಅನಿಸಿತ್ತು. ಭಾರತದಲ್ಲಿ ಹುಟ್ಟಿ ಬೇರೆ ದೇಶದ ಪ್ರಜೆಗಳಾದವರಿಗೆ ಕೊಡುವ ಕಾರ್ಡೊಂದಿದೆ, ಅದಿದ್ದರೆ ವೀಸಾ ಬೇಕಾಗುವುದಿಲ್ಲ ಎಂದು ಶಿವಾನಂದ ಪ್ರತಿ ವರ್ಷ ಹೇಳುತ್ತಿದ್ದರು. ಪ್ರತಿ ವರ್ಷ ಮುಂದಿನ ವರ್ಷ ಮಾಡಿಸೋಣ ಎನ್ನುತ್ತಿದ್ದೆವು.

ಮಹಾಮಾರಿ ಬಂದ ವರ್ಷ ಲಕ್ಷ್ಮೇಶ್ವರದಲ್ಲಿರುವ ನಮ್ಮ ಅಣ್ಣನ ಮಗಳ ಮದುವೆಗೆಂದು ನಾನೊಬ್ಬಳೇ ಬಂದೆ. ಮದುವೆ ಸುಸೂತ್ರವಾಗಿ ಮುಗಿಯಿತು. ನಾಲ್ಕು ದಿನ ಇದ್ದು ಹೋಗೋಣವೆಂದು ಬೆಟಗೇರಿಯಲ್ಲಿ ನನ್ನ ಅಕ್ಕ ಅನ್ನಪೂರ್ಣಳ ಮನೆಗೆ ಬಂದಿಳಿದೆ. ಆಮೇಲೆ ವಿಮಾನ ನಿಂತವು, ರೈಲು ನಿಂತವು, ಕೊನೆಗೆ ಮನೆಯ ಮುಂದಿನ ಟಂಟಂ ಆಟೋ ಕೂಡ ನಿಂತಿತು.

ನನ್ನ ವೀಸಾದಲ್ಲಿ ಒಂದು ಸಲ ಬಂದರೆ ಮೂರು ತಿಂಗಳು ಇರಬಹುದು ಎಂದಿತ್ತು. ಮೂರನೆಯ ತಿಂಗಳು ಮುಗಿಯುತ್ತ ಬಂದಂತೆ ಭಾವನವರ ಮುಖ ಸಣ್ಣದಾಗತೊಡಗಿತು. ಈರಣ್ಣ ಭಾವ ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಯಾವ ಕಾಗದ ಕಂಡರೂ ಎರಡು ಸಲ ಓದುವ ಮನುಷ್ಯ. ವಿದೇಶಿಯರು ಮನೆಯಲ್ಲಿ ಉಳಿದರೆ ಮನೆಯವರು ಪೊಲೀಸರಿಗೆ ತಿಳಿಸಬೇಕೆಂಬ ನಿಯಮವನ್ನು ಎಲ್ಲೋ ಓದಿಬಿಟ್ಟಿದ್ದರು.

"ಸುಮಾ, ನಾ ನಿನ್ನ ಬಗ್ಗೆ ಎಲ್ಲೂ ತಿಳಿಸಿಲ್ಲಲ್ಲ. ಹೆಂಡ್ತಿ ತಂಗಿ ಅಂತ ಇಟಗೊಂಡೇನಿ. ಅದು ಗುನ್ನೆ ಆಕ್ಕೈತೇನು?" ಎಂದು ಊಟದ ನಡುವೆ ಕೇಳಿದರು.

"ತಂಗಿ ಮನಿಗೆ ಬಂದ್ರ ಪೊಲೀಸರಿಗೆ ಹೇಳಬೇಕಂತ? ಯಾ ಊರ ಕಾಯ್ದೆ ಅದು?" ಎಂದು ಅಕ್ಕ ಗದರಿದಳು.

ಆದರೂ ಭಾವ ಒಂದು ದಿನ ಹೊರಗೆ ಓಡಾಡಲು ಕೊಡುತ್ತಿದ್ದ ಪಾಸಿನ ಚೀಟಿ ಹಿಡಿದು ಪೊಲೀಸ್ ಕಚೇರಿಗೆ ಹೋಗಿಬಂದರು. ಬಾಗಿಲಲ್ಲಿದ್ದವರು ಎಲ್ಲ ಕಂಪ್ಯೂಟರಿನಲ್ಲೇ ಹಾಕಬೇಕು, ಇಲ್ಲಿಗೆ ಬರಬೇಡಿ ಎಂದರಂತೆ. ಕಂಪ್ಯೂಟರ್ ಅಂಗಡಿಗಳು ಮುಚ್ಚಿದ್ದವು. ಸಿಕ್ಕಿಬಿದ್ದವರ ವೀಸಾ ತಾನಾಗಿಯೇ ಮುಂದುವರಿಯುತ್ತದೆ ಎಂದು ಒಬ್ಬರು ಹೇಳಿದರು. ಅರ್ಜಿ ಹಾಕಿದವರಿಗೆ ಮಾತ್ರ ಎಂದು ಇನ್ನೊಬ್ಬರು ಹೇಳಿದರು. ಅರುಶಾದಿಂದ ಶಿವಾನಂದ ಫೋನಿನಲ್ಲಿ ಮೂರನೆಯದೊಂದು ಹೇಳಿದರು. ಭಾವ ತಮ್ಮ ಫೋನಿನಲ್ಲೇ ಅರ್ಜಿ ತುಂಬಲು ಕುಳಿತರೆ ಅರ್ಧದಲ್ಲಿ ಪುಟ ಮಾಯವಾಗುತ್ತಿತ್ತು. ಹೀಗೆ ಮೂರು ತಿಂಗಳು ಮುಗಿದು, ಮೇಲೆ ಇನ್ನೂ ಒಂದಷ್ಟು ವಾರ ಕಳೆದವು. ನಾನು ಈ ದೇಶದಲ್ಲಿ ನ್ಯಾಯವಾಗಿ ಇದ್ದೇನೋ ಕಳ್ಳತನದಿಂದ ಇದ್ದೇನೋ ನನಗೆ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಕುಳಿತು ಅಕ್ಕನ ಜೊತೆ ಶೇಂಗಾ ಸುಲಿಯುತ್ತಿದ್ದೆ.

ಜ್ವರ ಬಂದದ್ದು ಆಗ. ಮೊದಲ ದಿನ ಮೈಕೈ ನೋವು. ಎರಡನೆಯ ದಿನ ಒಗ್ಗರಣೆಯ ವಾಸನೆ ತಿಳಿಯಲಿಲ್ಲ. ಮೂರನೆಯ ದಿನ ಬಚ್ಚಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು ಬಂತು. ಪರೀಕ್ಷೆಗೆ ಹೋಗಬೇಕೆಂದು ಅಕ್ಕ ಹಟ ಹಿಡಿದಳು. ಅಲ್ಲಿ ಆಧಾರ್ ಕೇಳುತ್ತಾರೆ ಎಂದು ಭಾವ ಹೇಳಿದರು. ಆಧಾರ್ ಬರುವುದಕ್ಕೂ ಮೊದಲೇ ದೇಶ ಬಿಟ್ಟವಳು ನಾನು. ನನ್ನ ಬಳಿ ಇದ್ದದ್ದು ಅವಧಿ ಮೀರಿದ ವೀಸಾ ಅಂಟಿಸಿದ ಪರದೇಶದ ಪಾಸ್‌ಪೋರ್ಟ್.

"ಅದನ್ನ ತೋರಿಸಿದ್ರ ದವಾಖಾನಿಗೆ ಒಯ್ತಾರೋ ಠಾಣೆಕ ಒಯ್ತಾರೋ?" ಎಂದರು ಭಾವ. ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ.

ಅಕ್ಕ ಒಳಗೆ ಹೋಗಿ ತನ್ನ ಆಧಾರ್ ಕಾರ್ಡ್ ತಂದು ನನ್ನ ಕೈಯಲ್ಲಿಟ್ಟಳು. ನಮ್ಮಿಬ್ಬರಿಗೆ ಮೂರು ವರ್ಷದ ಅಂತರ. ಒಂದೇ ಮೂಗು, ಒಂದೇ ಹಣೆ. ಮೂಗಿನ ಮೇಲೆ ಮಾಸ್ಕ್ ಇದ್ದರೆ ಮುಗಿದೇ ಹೋಯಿತು. "ನನ್ನ ಹೆಸರು ಹೇಳು. ಎರಡ ದಿನದಾಗ ಏನೂ ಇಲ್ಲಂತ ಬರತೈತಿ. ಯಾರಿಗೆ ಗೊತ್ತಾಕ್ಕೈತಿ?" ಎಂದಳು.

ಕಡ್ಡಿ ಹಾಕುವವರು ಬೇರೆ ಊರಿನಿಂದ ಬಂದಿದ್ದವರು. ಕಾರ್ಡ್ ನೋಡಿದರು, ನನ್ನ ಕಣ್ಣು ನೋಡಿದರು, ಬರೆದುಕೊಂಡರು.

ಎರಡು ದಿನದ ನಂತರ ಅಕ್ಕನ ಫೋನಿಗೆ ಸುದ್ದಿ ಬಂತು. ಅನ್ನಪೂರ್ಣ ಎಂಬವರಿಗೆ ಸೋಂಕು ತಗುಲಿದೆ, ಸಿದ್ಧರಾಗಿರಿ, ಗಾಡಿ ಬರುತ್ತದೆ. ಆಂಬುಲೆನ್ಸ್ ಬಂದಾಗ ಅಕ್ಕ ಅಡುಗೆಮನೆಯಲ್ಲೇ ನಿಂತಳು. ನಾನು ಅವಳ ಸೀರೆಯನ್ನೇ ಉಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಹತ್ತಿದೆ. ಓಣಿಯವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಅನ್ನಪೂರ್ಣಕ್ಕನನ್ನು ಒಯ್ದರು ಎಂದೇ ಎಲ್ಲರೂ ತಿಳಿದರು.

ಆಸ್ಪತ್ರೆಯ ಮೊದಲ ದಿನಗಳು ನನಗೆ ತುಂಡುತುಂಡಾಗಿ ನೆನಪಿವೆ. ಉದ್ದನೆಯ ವಾರ್ಡು. ಪಕ್ಕದಲ್ಲಿ ಶಿರಹಟ್ಟಿ ಕಡೆಯ ಒಬ್ಬ ಅಜ್ಜಿ. ಆಕೆ ಇಡೀ ದಿನ ತನ್ನ ಎಮ್ಮೆಯನ್ನು ಯಾರು ಹಿಂಡುತ್ತಿದ್ದಾರೋ ಎಂದು ಕೇಳುತ್ತಿದ್ದಳು. ಬೆರಳಿಗೆ ಚಿಮಟದಂಥ ಯಂತ್ರ, ಮೂಗಿಗೆ ಆಮ್ಲಜನಕದ ನಳಿಗೆ, ಎರಡು ದಿನದ ಮೇಲೆ ಮುಖದ ತುಂಬ ಮಾಸ್ಕು. ನರ್ಸುಗಳೆಲ್ಲ ಬಿಳಿಯ ದಿರಿಸಿನೊಳಗೆ ಒಂದೇ ಥರ ಕಾಣುತ್ತಿದ್ದರು. ಗುರುತು ಸಿಗಲೆಂದು ಎದೆಯ ಮೇಲೆ ಪೆನ್ನಿನಿಂದ ಹೆಸರು ಬರೆದುಕೊಂಡಿರುತ್ತಿದ್ದರು. ಹಗಲು ಪಾಳಿಗೆ ಬರುತ್ತಿದ್ದವಳ ಎದೆಯ ಮೇಲೆ ರೇಣುಕಾ ಎಂದಿತ್ತು. ಹಿರೇವಡ್ಡಟ್ಟಿಯವಳು.

"ಅನ್ನಪೂರ್ಣಮ್ಮಾರ," ಎಂದು ಅವಳು ಕರೆದರೆ ನಾನು ಓಗೊಡುತ್ತಿರಲಿಲ್ಲ. ಬೇಕೆಂದು ಅಲ್ಲ. ಆ ಹೆಸರು ಕೇಳಿದರೆ ಬಾಗಿಲ ಕಡೆ ನೋಡುತ್ತಿದ್ದೆ, ಅಕ್ಕ ಬಂದಳೇನೋ ಎಂದು. ಮೂರು ಸಲ ಕರೆದ ಮೇಲೆ ರೇಣುಕಾ ನನ್ನ ಭುಜ ಮುಟ್ಟುತ್ತಿದ್ದಳು. ಆಗ ನೆನಪಾಗುತ್ತಿತ್ತು, ಇಲ್ಲಿ ಅನ್ನಪೂರ್ಣ ನಾನೇ.

ಜ್ವರ ಏರಿದ ದಿನ ನೀರು ಬೇಕಾಯಿತು. ಅರುಶಾದಲ್ಲಿ ನಾವು ನೀರಿಗೆ ಮಾಜಿ ಎನ್ನುತ್ತೇವೆ. ಪ್ರೆಸ್ಸಿನ ಕೆಲಸದವರ ಜೊತೆ ವರ್ಷಗಟ್ಟಲೆ ಆಡಿದ ಮಾತು. ಅದೇ ಬಾಯಿಗೆ ಬಂತು.

"ಮಾಜಿ ಕೊಡ್ರಿ," ಎಂದೆ.

"ಯಾ ಮಾಜಿರಿ?" ಎಂದಳು ರೇಣುಕಾ. "ಮಾಜಿ ಮೆಂಬರಾ, ಮಾಜಿ ಮಂತ್ರಿನಾ? ಯಾರನ್ನ ಕರೀಬೇಕ?"

ನಾನು ಮತ್ತೆ ಮತ್ತೆ ಮಾಜಿ ಎಂದೆನಂತೆ. ನಮ್ಮ ಮನೆಯವರು ದೊಡ್ಡ ರಾಜಕಾರಣಿಗಳಿರಬೇಕೆಂದು ವಾರ್ಡಿನಲ್ಲಿ ಮಾತಾಯಿತಂತೆ. ಕೊನೆಗೆ ಶಿರಹಟ್ಟಿಯ ಅಜ್ಜಿಯೇ ನನ್ನ ತುಟಿ ನೋಡಿ, "ನೀರ ಕೊಡವಾ ಆಕಿಗೆ," ಎಂದಳು.

ಡಾಕ್ಟರ್ ದಿನಕ್ಕೊಮ್ಮೆ ಬಂದು ಹೆಸರೇನು, ಊರು ಯಾವುದು, ಇವತ್ತು ಯಾವ ವಾರ ಎಂದು ಕೇಳುತ್ತಿದ್ದರು. ಬುದ್ಧಿ ನೆಟ್ಟಗಿದೆಯೇ ಎಂದು ನೋಡುವ ಪ್ರಶ್ನೆಗಳು ಅವು. ಉಳಿದವರು ಥಟ್ಟನೆ ಹೇಳುತ್ತಿದ್ದರು. ನಾನು ಹೆಸರಿಗೇ ತಡವರಿಸುತ್ತಿದ್ದೆ. ಒಂದು ದಿನ ಅನ್ನಪೂರ್ಣ ಎಂದೆ, ಒಂದು ದಿನ ಸುಮಂಗಲಾ ಎಂದೆ. ಊರು ಒಂದು ಸಲ ಬೆಟಗೇರಿ, ಒಂದು ಸಲ ಅರುಶಾ. ಅವರು ಏನೋ ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಆಗ ಒಂದು ಭಯ ಹೊಕ್ಕಿತು. ನಾನು ಇಲ್ಲೇ ಸತ್ತರೆ ಯಾರು ಸತ್ತಂತಾಗುತ್ತದೆ? ಸಾವಿನ ದಾಖಲೆ ಅಕ್ಕನ ಹೆಸರಿಗೆ ಬರುತ್ತದೆ. ಶಿವಾನಂದರ ಹೆಂಡತಿ ಮದುವೆಗೆ ಹೋದವಳು ಎಲ್ಲಿಯೂ ಸತ್ತಿರುವುದಿಲ್ಲ, ಎಲ್ಲಿಯೂ ಬದುಕಿರುವುದೂ ಇಲ್ಲ. ಈ ಲೆಕ್ಕ ಬಿಡಿಸಲು ಹೋಗಿ ಪ್ರತಿ ಸಲ ಅರ್ಧದಲ್ಲಿ ನಿದ್ದೆ ಬರುತ್ತಿತ್ತು.

ಪರೀಕ್ಷೆಯಾಗಿ ಎಂಟನೆಯ ದಿನ ಉಸಿರು ಸ್ವಲ್ಪ ಹಗುರಾಯಿತು. ಮನೆಗೆ ಫೋನ್ ಮಾಡಿದೆ. ಅಕ್ಕನ ದನಿ ಗೊಗ್ಗರಾಗಿತ್ತು. "ಏನಿಲ್ಲಬೇ, ಗಂಟಲ ಕಟ್ಟೈತಿ," ಎಂದು ಭಾವನ ಕೈಗೆ ಫೋನ್ ಕೊಟ್ಟಳು.

ಭಾವ ದನಿ ತಗ್ಗಿಸಿ ಹೇಳಿದ್ದು ಇಷ್ಟು. ನಾನು ಹೋದ ಮರುದಿನ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದ್ದಾರೆ. ಓಣಿಯ ಆಶಾ ಕಾರ್ಯಕರ್ತೆ ದಿನಾ ಬಂದು ವಿಚಾರಿಸುತ್ತಾಳೆ. ಆಕೆಗೆ ಅಕ್ಕನ ಮುಖ ಹದಿನೈದು ವರ್ಷದಿಂದ ಗೊತ್ತು. ಅದಕ್ಕೆ ಆಕೆ ಬರುವ ಹೊತ್ತಿಗೆ ಅಕ್ಕ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಕೂಡುತ್ತಾಳೆ. ಸುಮಾ ಎಲ್ಲಿ ಎಂದರೆ ಲಕ್ಷ್ಮೇಶ್ವರಕ್ಕೆ ಹೋಗ್ಯಾಳ ಎಂದು ಭಾವ ಹೇಳುತ್ತಾರೆ.

"ಎರಡ ದಿವಸಾತು, ಮೈ ಸುಡಾಕತ್ತೈತಿ ಆಕಿದು," ಎಂದರು ಭಾವ. "ನಿನ್ನೆಯಿಂದ ಕೆಮ್ಮೂ ಸುರುವಾಗೈತಿ. ದವಾಖಾನಿಗೆ ಕರಕೊಂಡ ಹೋಗಬೇಕಂದ್ರ ಯಾರಂತ ಹೇಳಿ ಕರಕೊಂಡ ಹೋಗ್ಲಿ ಸುಮಾ? ಅನ್ನಪೂರ್ಣ ಅಲ್ಲೇ ಅದಾಳಲ್ಲ."

ನಾನು ಫೋನ್ ಇಟ್ಟು ರೇಣುಕಾಳನ್ನು ಕರೆದೆ. ಮಾಸ್ಕಿನೊಳಗಿಂದಲೇ ಎಲ್ಲ ಹೇಳಿದೆ. ನಾನು ಅನ್ನಪೂರ್ಣ ಅಲ್ಲ, ಅವಳ ತಂಗಿ. ಈ ದೇಶದವಳಲ್ಲ. ನಿಜವಾದ ಅನ್ನಪೂರ್ಣ ಮನೆಯಲ್ಲಿ ಜ್ವರದಿಂದ ಮಲಗಿದ್ದಾಳೆ, ಅವಳನ್ನು ಕರೆಸಿ.

ರೇಣುಕಾ ನನ್ನ ಹೊದಿಕೆ ಸರಿಮಾಡಿದಳು. "ಹೌದ್ರಿ ಅಮ್ಮಾರ, ಮೊನ್ನೆನೂ ಹಂಗ ಅಂದಿದ್ರಿ. ಆಕ್ಸಿಜನ್ ಕಡಿಮಿ ಆತಂದ್ರ ತಲಿಯೊಳಗ ಹಂಗ ಏನೇನರ ಬರತೈತ್ರಿ. ಮಕ್ಕೊಳ್ರಿ."

"ಖರೇನ ಹೇಳಾಕತ್ತೇನವಾ."

"ಖರೇ ಅಂತನ ಅನಸತೈತ್ರಿ ಆವಾಗ."

ಡಾಕ್ಟರ್ ಬಂದಾಗ ಅವರಿಗೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಇವತ್ತ ಯಾವ ವಾರ ಹೇಳ್ರಿ?" ಎಂದರು. ಸೋಮವಾರ ಎಂದೆ. ಅಂದು ಗುರುವಾರವಾಗಿತ್ತು.

ಸುಳ್ಳು ಹೇಳಿದಾಗ ಕಾರ್ಡು ನೋಡಿ ಎಲ್ಲರೂ ನಂಬಿದ್ದರು. ಸತ್ಯ ಹೇಳಿದಾಗ ನನ್ನನ್ನು ಸಮಾಧಾನ ಮಾಡಿದರು. ಅವರ ತಪ್ಪೇನೂ ಇರಲಿಲ್ಲ. ಜ್ವರ ಏರಿದ್ದ ದಿನಗಳಲ್ಲಿ ನಾನು ಏನೇನು ಬಡಬಡಿಸಿದ್ದೆನೋ ಅವರಿಗೇ ಗೊತ್ತು. ಸ್ವಲ್ಪ ಹೊತ್ತಿನಲ್ಲಿ ನನಗೇ ಅನುಮಾನ ಬಂತು. ಭಾವನ ಜೊತೆ ಮಾತಾಡಿದ್ದು ನಿಜವೇ, ಅದೂ ಜ್ವರದ ಕನಸೇ ಎಂದು ಫೋನ್ ತೆಗೆದು ನೋಡಿದೆ. ಕರೆ ದಾಖಲಾಗಿತ್ತು. ಆಗ ಮಗಳು ನೆನಪಾದಳು. ನನ್ನ ಪಾಸ್‌ಪೋರ್ಟಿನ ಚಿತ್ರ ಅವಳ ಬಳಿ ಇತ್ತು. ಅದನ್ನು ಕಳಿಸು ಎಂದು ಎರಡು ಶಬ್ದ ಬರೆಯಲು ಬಹಳ ಹೊತ್ತು ಹಿಡಿಯಿತು. ಚಿತ್ರ ಬಂದು ತಲುಪುವಷ್ಟರಲ್ಲಿ ರೇಣುಕಾಳ ಪಾಳಿ ಮುಗಿದಿತ್ತು. ರಾತ್ರಿ ಪಾಳಿಯವಳು ಫೋನ್ ಪಕ್ಕಕ್ಕಿಟ್ಟು ಮಲಗಿ ಎಂದಳು. ಅಲ್ಲಿ ಅಕ್ಕ ಹೇಗಿದ್ದಾಳೋ ಎಂದು ಎಣಿಸುತ್ತ ಬೆಳಗು ಮಾಡಿದೆ.

ಒಂಬತ್ತನೆಯ ದಿನ ಬೆಳಗ್ಗೆ ರೇಣುಕಾ ಬಂದ ಕೂಡಲೇ ಫೋನ್ ಅವಳ ಮುಖಕ್ಕೆ ಹಿಡಿದೆ. ಅವಳ ಕನ್ನಡಕದೊಳಗೆ ಹಬೆ ಕಟ್ಟಿತ್ತು. ತಲೆ ಆಚೀಚೆ ಓರೆ ಮಾಡಿ ನೋಡಿದಳು.

"ಮಾಸ್ಕ್ ಸ್ವಲ್ಪ ಸರಸ್ರಿ," ಎಂದಳು.

ಸರಿಸಿದೆ. ಚಿತ್ರ ನೋಡಿದಳು, ನನ್ನನ್ನು ನೋಡಿದಳು, ತಾನೇ ಮಾಸ್ಕನ್ನು ತಿರುಗಿ ನನ್ನ ಮೂಗಿನ ಮೇಲೆ ಕೂಡಿಸಿದಳು. "ಹೌದ್ರಿ. ಇದು ನೀವ." ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾರ ಮಾಜಿ ಅಂದ್ರ ಖರೇನ ನೀರಾ?"

ನಾನು ತಲೆಯಾಡಿಸಿದೆ. ಕಣ್ಣೀರು ಮಾಸ್ಕಿನೊಳಗೆ ಇಳಿದು ತುಟಿಗೆ ಬಂತು. ಉಪ್ಪು ತಿಳಿಯಲಿಲ್ಲ. ಆಗಿನ್ನೂ ನಾಲಗೆಗೆ ರುಚಿ ಬಂದಿರಲಿಲ್ಲ.

ಅವಳು ಹೋಗಿ ಡಾಕ್ಟರನ್ನು ಕರೆತಂದಳು. ಅವರು ಫೋನಿನಲ್ಲಿ ಚಿತ್ರ ನೋಡಿದರು. ನಾನು ಬೈಗಳಿಗೆ ಕಾದೆ. "ಮೊದಲ ಆ ಹೆಣ್ಮಗಳನ್ನ ಕರಸೂಣು. ಹೆಸರಿಂದು ಆಮ್ಯಾಲೆ ನೋಡಿದ್ರಾತು," ಎಂದು ಹೇಳಿ ಹೊರಟುಹೋದರು.

ಅದೇ ಆಂಬುಲೆನ್ಸ್ ಅದೇ ಮನೆಯ ಮುಂದೆ ಮತ್ತೆ ನಿಂತಿತು. ಎದುರು ಮನೆಯ ಗೌರಕ್ಕ ಕಿಟಕಿಯಿಂದ, "ಅನ್ನಪೂರ್ಣಾ, ನೀ ದವಾಖಾನಿಂದ ಯಾವಾಗ ಬಂದಿದ್ದಿ?" ಎಂದು ಕೇಳಿದಳಂತೆ. ಅಕ್ಕ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತೆಂದು ಆಮೇಲೆ ಡಾಕ್ಟರ್ ಹೇಳಿದರು. ಆ ಮಾತನ್ನು ನಾನು ಈಗಲೂ ಪೂರ್ತಿ ನುಂಗಿಲ್ಲ. ಕಾಯಿಲೆ ಕೊಟ್ಟವಳು ನಾನು. ಅವಳು ಬರಬೇಕಾದ ಬಾಗಿಲನ್ನು ಅವಳದೇ ಹೆಸರಿನಿಂದ ಮುಚ್ಚಿಕೊಂಡು ಮಲಗಿದವಳೂ ನಾನು.

ಅವಳಿಗೆ ನನ್ನಿಂದ ಮೂರನೆಯ ಮಂಚ ಸಿಕ್ಕಿತು. ಕಂಪ್ಯೂಟರಿನಲ್ಲಿ ಹೆಸರು ತಿದ್ದಲು ಮೇಲಿನಿಂದ ಅನುಮತಿ ಬರಬೇಕಿತ್ತು. ಅಲ್ಲಿಯವರೆಗೆ ಪಟ್ಟಿಯಲ್ಲಿ ಇಬ್ಬರೂ ಅನ್ನಪೂರ್ಣ. ಗುಳಿಗೆಯ ತಟ್ಟೆ ಹಿಡಿದವರು ಹೆಸರು ಕೂಗಿದರೆ ಇಬ್ಬರೂ ಕೈ ಎತ್ತುತ್ತಿದ್ದೆವು. ನಾನು ಬಿಡುಗಡೆಯಾದ ದಿನ, ತಾವು ಗುಣಮುಖರಾಗಿದ್ದೀರಿ ಎಂಬ ಶುಭಾಶಯ ಅಕ್ಕನ ಫೋನಿಗೆ ಬಂತು. ಅವಳ ಮೂಗಿನಲ್ಲಿ ಇನ್ನೂ ನಳಿಗೆ ಇತ್ತು. "ನೋಡು, ನಂಗ ಆರಾಮಾಗೈತಂತ," ಎಂದು ಓದಿ ಹೇಳಿ ಕೆಮ್ಮಿದಳು. ಅವಳು ಮನೆಗೆ ಬರಲು ಮತ್ತೂ ಎಂಟು ದಿನ ಹಿಡಿಯಿತು.

ಡಾಕ್ಟರ್ ವಿಷಯವನ್ನು ಪೊಲೀಸರಿಗೆ ತಿಳಿಸಲೇಬೇಕಾಗಿತ್ತು, ತಿಳಿಸಿದ್ದರು. ನಾನು ಮನೆಗೆ ಬಂದ ಮೇಲೆ ಒಂದು ಫೋನ್ ಬಂತು. ವಿದೇಶಿಯರ ಕಾಗದ ನೋಡಿಕೊಳ್ಳುವ ಮುಲ್ಲಾ ಎಂಬ ಹವಾಲ್ದಾರರು.

"ನೀವು ವಿದೇಶದವರಂತ ವರದಿ ಬಂದೈತ್ರಿ. ಹೌದೇನ್ರಿ?"

"ಹೌದ್ರಿ."

"ಹುಟ್ಟಿದ ಊರು?"

"ಸೊರಟೂರ್ರಿ."

"ಸೊರಟೂರ ವಿದೇಶದಾಗ ಯಾವಾಗ ಹೋತ್ರಿ?" ಎಂದರು. ನಗಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ.

ಮುಂದಿನ ಎರಡು ತಿಂಗಳು ಕಾಯುವುದೇ ಕೆಲಸವಾಯಿತು. ಹೆಸರು ಬದಲಿಸಿ ಹೇಳಿದ್ದಕ್ಕೆ ಕೇಸು ಹಾಕುತ್ತಾರೋ, ವೀಸಾ ಮೀರಿದ್ದಕ್ಕೆ ಹಾಕುತ್ತಾರೋ, ಭಾವನ ಮೇಲೆ ಹಾಕುತ್ತಾರೋ. ಭಾವ ಪಿಂಚಣಿ ನಿಲ್ಲುತ್ತದೆಂದು ಒಂದು ದಿನ, ಏನೂ ಆಗುವುದಿಲ್ಲವೆಂದು ಒಂದು ದಿನ ಹೇಳುತ್ತಿದ್ದರು. ನನ್ನ ತಲೆಯೂ ಮೊದಲಿನಂತಿರಲಿಲ್ಲ. ಹಾಲು ಕಾಯಿಸಲು ಇಟ್ಟು ಮರೆಯುತ್ತಿದ್ದೆ. ಸೌಟು ಎನ್ನಲು ಹೋಗಿ ಶಬ್ದ ಸಿಗದೆ ಕೈ ಸನ್ನೆ ಮಾಡುತ್ತಿದ್ದೆ. ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಕಚೇರಿಗೆ ಹೇಳಿಕೆ ಕೊಡಲು ಹೋದ ದಿನ ಎರಡನೆಯ ಮಹಡಿ ಹತ್ತಲಾರದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮುಲ್ಲಾ ಅವರೇ ಕಾಗದ ಹಿಡಿದು ಕೆಳಗಿಳಿದು ಬಂದರು. ಪಕ್ಕದ ಮೆಟ್ಟಿಲ ಮೇಲೆ ದೂರ ಕುಳಿತು ಬರೆದುಕೊಂಡರು.

"ಯಾಕ ಸುಳ್ಳ ಹೇಳಿದ್ರಿ?" ಎಂದು ಕೇಳಿದರು.

"ಹೆದರಿದ್ನಿರಿ."

"ಯಾರಿಗೆ?"

"ನಿಮಗ," ಎಂದೆ.

ಅವರು ಪೆನ್ನು ಎತ್ತಿ ಹಿಡಿದು ಕುಳಿತರು. ಆ ಮಾತನ್ನು ಹೇಗೆ ಬರೆಯಬೇಕೋ ಅವರಿಗೂ ತಿಳಿಯಲಿಲ್ಲ. ಕೊನೆಗೆ, ಕಾನೂನಿನ ತಿಳಿವಳಿಕೆ ಇಲ್ಲದ ಕಾರಣ ಎಂದು ಬರೆದು ನನಗೆ ಓದಿ ತೋರಿಸಿದರು. ಅದು ಸುಳ್ಳೇನೂ ಆಗಿರಲಿಲ್ಲ. ಸಹಿ ಮಾಡಿದೆ. ಸುಮಂಗಲಾ ಎಂದು ಬರೆಯುವಾಗ ಕೈ ಒಮ್ಮೆ ತಡೆಯಿತು.

ಮೇಲಿನವರು ಎಚ್ಚರಿಕೆ ಕೊಟ್ಟು ಬಿಟ್ಟರು. ಅರ್ಜಿಯನ್ನು ಮುಲ್ಲಾ ಅವರೇ ಕುಳಿತು ಕಂಪ್ಯೂಟರಿನಲ್ಲಿ ಹಾಕಿಸಿದರು. ಅಕ್ಕನಿಗೆ ನನ್ನ ಮೇಲೆ ಸಿಟ್ಟಿದೆಯೇ ಎಂದು ಹಿತ್ತಲಿನಲ್ಲಿ ಕುಳಿತಿದ್ದಾಗ ಒಂದು ದಿನ ಕೇಳಿದೆ. "ಕಾರ್ಡ ಕೊಟ್ಟಾಕಿ ನಾನ ಅಲ್ಲೇನು?" ಎಂದಳು. ಆಮೇಲೆ, "ಆದ್ರ ನೀ ಅಲ್ಲೇ ಸತ್ತಿದ್ರ ನಾ ಬದುಕಿದ್ರೂ ಸತ್ತಾಕಿ ಆಗತಿದ್ನಿ. ದೇವರ ಕೋಣ್ಯಾಗ ಕುಂತಾಗೆಲ್ಲಾ ಅದನ್ನ ವಿಚಾರ ಮಾಡತಿದ್ನಿ," ಎಂದಳು. ಆ ದಿನಗಳಲ್ಲಿ ಒಂದೇ ಹೊತ್ತಿಗೆ ಇಬ್ಬರೂ ಒಂದನ್ನೇ ಯೋಚಿಸಿದ್ದೆವೆಂದು ಆಗಲೇ ಗೊತ್ತಾದದ್ದು.

ವಿಮಾನಗಳು ಶುರುವಾದ ಮೇಲೆ ದೇಶ ಬಿಡಲು ಅನುಮತಿ ಬಂತು. ಅದನ್ನು ತರಲು ನಾನೂ ಭಾವನೂ ಕಚೇರಿಗೆ ಹೋದೆವು. ಈ ಸಲ ಎರಡು ಕಡೆ ನಿಂತು ಸುಧಾರಿಸಿಕೊಂಡು ಮಹಡಿ ಹತ್ತಿದೆ. ಮುಲ್ಲಾ ಅವರು ಕಾಗದ ಬಿಡಿಸಿ, ಸರಕಾರಿ ದನಿಯಲ್ಲಿ ಓದಿದರು: ಸದರಿ ವಿದೇಶಿ ಪ್ರಜೆಯು ಕೆಳಗೆ ಕಾಣಿಸಿದ ದಿನದೊಳಗಾಗಿ ಭಾರತ ದೇಶವನ್ನು ಬಿಟ್ಟು ಹೋಗತಕ್ಕದ್ದು. ಓದಿ ಮುಗಿಸಿ, ನಾಲ್ಕು ಮಡಿಕೆ ಮಾಡಿ, ನನ್ನ ಕೈಗೆ ಕೊಟ್ಟರು.

"ಆತ್ರಿ," ಎಂದರು. "ಹೋಗಿ ಬರ್ರಿ."

"ಬರ್ತೇನ್ರಿ," ಎಂದೆ.